ಘಾನಾ ದೇಶದಲ್ಲಿ ವಿದ್ಯಾಭ್ಯಾಸದ ಸ್ಥಿತಿ

ಬಾಸೆಲ್ ಮಿಷನ್ನಿನ ಹೆಸರನ್ನು ಅರಿಯದ ಕನ್ನಡಿಗರು ವಿರಳರೆಂದೇ ಹೇಳಬೇಕು. ಆ ಸಂಸ್ಥೆಯವರ ಹೆಂಚುಗಳು ನಮ್ಮ ಕರಾವಳಿಯ ಮನೆಗಳ ಮೇಲೆ ಏರಿದುವು. ಅವರ ಅಚ್ಚುಕೂಟದಿಂದ ನಮ್ಮ ಹಿರಿಯರ ಪಾಠಪುಸ್ತಕಗಳು ಹೊರಟುವು. ಅವರಲ್ಲೊಬ್ಬರಾದ ಕಿಟ್ಟೆಲರು ೧೮೯೪ರಲ್ಲಿ ಪ್ರಕಟಿಸಿದ ನಿಘಂಟನ್ನು ಕನ್ನಡದ ವಿದ್ವಾಂಸರು ಇಂದಿಗೂ ಕೈಬಿಟ್ಟಿಲ್ಲ. ಆದರೆ ಈ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿನಲ್ಲಿ ಬಂದಿಳಿಯುವುದಕ್ಕೆ ಆರು ವರ್ಷಗಳ ಮುಂಚೆಯೇ ಪಶ್ಚಿಮ ಆಫ್ರಿಕದ ಒಂದು ತೀರಕ್ಕೆ ತಮ್ಮವರನ್ನು ಕಳುಹಿಸಿದ್ದರೆಂಬ ಸಂಗತಿಯು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಆಗ ‘ಗೋಲ್ಡ್ ಕೋಸ್ಟ್’, ಎಂದರೆ ಚಿನ್ನದ ಕರಾವಳಿ, ಎನ್ನಿಸಿಕೊಳ್ಳುತ್ತಿದ್ದ ಆ ದೇಶವೇ ಇಂದಿನ ಘಾನಾ. ಕಿಟ್ಟೆಲರು ಮಂಗಳೂರಿಗೆ ಬಂದ ೧೮೫೩ನೆಯ ಇಸವಿಯಲ್ಲಿಯೇ, ಬಾಸೆಲಿನ ಅದೇ ವಿದ್ಯಾಲಯದಲ್ಲಿ ತರಬೇತಾದ ಕ್ರಿಸ್ಟಾಲರ್ ಎಂಬವರು ಅಲ್ಲಿಯ ಅಕ್ರೊಪಾಂಗ್ ಎಂಬ ಬೆಟ್ಟದೂರನ್ನು ಸೇರಿದರು. ಇವರು ಕನ್ನಡಕ್ಕೆ ಮಾಡಿದ ಸೇವೆಯನ್ನು ಅವರು ‘ಟ್ವಿ’ ಎಂಬ ಭಾಷೆಗೆ ಮಾಡಿದರು: ೧೮೭೫ರಲ್ಲಿ ವ್ಯಾಕರಣ, ೧೮೮೧ರಲ್ಲಿ ನಿಘಂಟು. ಅಕ್ರೊಪಾಂಗಿನಲ್ಲಿ ೧೮೪೮ರಲ್ಲಿ ಸ್ಥಾಪಿತವಾದ ಉಪಾಧ್ಯಾಯರ ಶಿಕ್ಷಣಶಾಲೆಯು ಇಂದಿಗೂ ನಡೆಯುತ್ತಲೇ ಇದೆ.

ಇಷ್ಟು ನಂಟಿರುವ ಆ ದೇಶದಲ್ಲಿ ಮಕ್ಕಳ ವಿದ್ಯಾಭ್ಯಾಸವು ಈಗ ಯಾವ ಅವಸ್ಥೆಯಲ್ಲಿದೆ ಎಂಬುದನ್ನು ವಾಚಕರ ಮುಂದಿಡಬೇಕೆಂದು ನಮ್ಮ ಉದ್ದೇಶ. ಮಕ್ಕಳನ್ನು ಓದಿಸುವ ಚಿಂತೆಯು ಎಲ್ಲಿಯ ಗೃಹಸ್ಥನಿಗೂ ಒಂದೇ. ಅದಲ್ಲದೆ, ಬಡ ದೇಶವೊಂದು ತನ್ನ ಮಕ್ಕಳೆಲ್ಲರಿಗೂ ಪ್ರೌಢ ವಿದ್ಯೆಯನ್ನು ಹಣವಿಲ್ಲದೆ ಕೊಡುವೆನೆಂದು ಹೊರಟರೆ ಏನೇನಾಗುವುದೆಂಬುದನ್ನು ಘಾನಾದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ಪಶ್ಚಿಮಕ್ಕೆ ಐವರಿ ಕೋಸ್ಟ್, ಪೂರ್ವಕ್ಕೆ ಟೋಗೊ, ಉತ್ತರಕ್ಕೆ ಬುರ್ಕಿನಾ ಫಾಸೊ, ದಕ್ಷಿಣಕ್ಕೆ ಸಮುದ್ರ. ೨೦೨೧ರ ಖಾನೇಷುಮಾರಿಯಂತೆ ಜನಸಂಖ್ಯೆ ಸುಮಾರು ೩ ಕೋಟಿ ೮ ಲಕ್ಷ. ಮುಖ್ಯ ಪಟ್ಟಣ ಅಕ್ರಾ. ಚಿನ್ನವೂ ಕೋಕೋವೂ ಅಲ್ಲಿಯ ಸಂಪತ್ತು. ದಕ್ಷಿಣವು ಮಳೆಕಾಡಿನ ಸೀಮೆ. ಉತ್ತರವು ಹುಲ್ಲುಗಾವಲಿನ ಒಣ ಸೀಮೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಅನೇಕ ವಿಷಯಗಳಿಗೆ ಅದೇ ಬೇರು.

ಆ ತೀರದಲ್ಲಿ ಅಕ್ಷರಾಭ್ಯಾಸದ ಆರಂಭವು ವಿಚಿತ್ರವಾದ ಸ್ಥಳದಲ್ಲಿ ಆಯಿತು. ಐರೋಪ್ಯರು ವ್ಯಾಪಾರಕ್ಕಾಗಿ ಕಟ್ಟಿದ ಕೋಟೆಗಳೇ ಮೊದಲ ಪಾಠಶಾಲೆಗಳು. ಕೇಪ್ ಕೋಸ್ಟ್ ಎಂಬಲ್ಲಿಯ ಇಂಗ್ಲಿಷರ ಕೋಟೆಯಲ್ಲಿ ಫಿಲಿಪ್ ಕ್ವಾಕೊ ಎಂಬ ಆಫ್ರಿಕದವನೇ ಆದ ಉಪಾಧ್ಯಾಯನಿದ್ದನು. ೧೭೫೪ರಲ್ಲಿ ಬಾಲಕನಾಗಿ ಇಂಗ್ಲೆಂಡಿಗೆ ಹೋಗಿ, ೧೭೬೫ರಲ್ಲಿ ಇಂಗ್ಲಿಷ್ ಚರ್ಚಿನ ಪಾದ್ರಿಯಾಗಿ ದೀಕ್ಷೆ ಪಡೆದು, ಮರುವರ್ಷ ಹಿಂದಿರುಗಿ, ೧೮೧೬ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಐವತ್ತು ವರ್ಷ ಅಲ್ಲಿಯೇ ಇದ್ದನು. ಮೇಲಿನ ಕೋಣೆಯಲ್ಲಿ ಕೆಲವು ಮಕ್ಕಳು ಅಕ್ಷರಮಾಲೆಯನ್ನು ಒಪ್ಪಿಸುತ್ತಿರುವಾಗ ಕೆಳಗಿನ ನೆಲಮಾಳಿಗೆಯಲ್ಲಿ ಅವರದೇ ಬಣ್ಣದ ಜನರು ಹಡಗಿಗಾಗಿ ಸಂಕೋಲೆಯಲ್ಲಿ ಕಾಯುತ್ತಿದ್ದರು. ಇದಕ್ಕೆ ನಾವು ಏನನ್ನೂ ಸೇರಿಸಿ ಹೇಳಬೇಕಾಗಿಲ್ಲ.

ಅನಂತರದ ಕಾಲದಲ್ಲಿ ಮಿಷನ್ನಿನವರು ಊರೂರಿಗೆ ಶಾಲೆಗಳನ್ನು ಒಯ್ದರು. ವೆಸ್ಲಿಯನ್ನರು ೧೮೭೬ರಲ್ಲಿ ಕೇಪ್ ಕೋಸ್ಟಿನಲ್ಲಿ ತೆರೆದ ಪ್ರೌಢಶಾಲೆಯು ‘ಎಂಫಾಂಟ್ಸಿಪಿಮ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರು ಅಲ್ಲಿಯ ವಿದ್ಯಾರ್ಥಿ. ಗವರ್ನರ್ ಗುಗ್ಗಿಸ್‌ಬರ್ಗರ ಕಾಲದಲ್ಲಿ ಅಕ್ರಾದ ಬಳಿ ಅಚಿಮೋಟಾ ಎಂಬಲ್ಲಿ ದೊಡ್ಡದೊಂದು ವಿದ್ಯಾಲಯ ಕಟ್ಟಲ್ಪಟ್ಟು ೧೯೨೭ರಲ್ಲಿ ತೆರೆಯಿತು. ಅದರ ಸ್ಥಾಪಕರಲ್ಲೊಬ್ಬರು ಆ ದೇಶದವರೇ ಆದ ಅಗ್ರೀ ಎಂಬ ವಿದ್ವಾಂಸರು. ಹುಡುಗರೊಡನೆ ಹುಡುಗಿಯರೂ ಅಲ್ಲಿ ಕಲಿಯಬೇಕೆಂದು ಹಟ ಹಿಡಿದವರು ಅವರೇ. ವಿದ್ಯಾಲಯದ ಮುದ್ರೆಯಲ್ಲಿ ಪಿಯಾನೋ ವಾದ್ಯದ ಬಿಳಿಯ ಕರಿಯ ಮನೆಗಳ ಚಿತ್ರವಿದೆ. ಎರಡನ್ನೂ ಒತ್ತಿದರಲ್ಲದೆ ರಾಗ ಪೂರ್ಣವಾಗದೆಂಬುದು ಅಗ್ರೀಯವರ ಅಭಿಪ್ರಾಯವಾಗಿತ್ತು. ವಿದ್ಯಾಲಯ ತೆರೆದ ವರ್ಷವೇ ಅವರು ಕಾಲವಾದರು.

ಅಲ್ಲಿಯೇ ಉಪಾಧ್ಯಾಯ ತರಬೇತಿ ಪಡೆದ ಕ್ವಾಮೆ ಎನ್‌ಕ್ರುಮಾ ಎಂಬ ತರುಣನು ಮುಂದೆ ಆ ದೇಶದ ಪ್ರಧಾನಿಯಾದನು. ೧೯೫೭ರ ಮಾರ್ಚಿ ೬ರಂದು ದೇಶವು ಸ್ವತಂತ್ರವಾಗುವುದಕ್ಕೆ ಮೊದಲೇ, ೧೯೫೧ರಲ್ಲಿ, ಅವರ ಪಕ್ಷದವರು ಪ್ರಾಥಮಿಕ ಶಾಲೆಗಳಲ್ಲಿ ಪಾಠದ ಫೀಸನ್ನು ತೆಗೆದುಹಾಕುವ ಯೋಜನೆಯನ್ನು ಹೂಡಿದರು. ಮಕ್ಕಳು ಹಿಂಡುಹಿಂಡಾಗಿ ಬಂದರು. ಅಷ್ಟು ಮಂದಿಗೆ ತರಬೇತಾದ ಉಪಾಧ್ಯಾಯರೆಲ್ಲಿ? ಆಗತಾನೆ ಶಾಲೆ ಮುಗಿಸಿದ ಹುಡುಗರನ್ನೇ ಹಿಡಿದು ಪಾಠಕ್ಕೆ ನಿಲ್ಲಿಸಬೇಕಾಯಿತು. ೧೯೬೧ರ ಕಾಯಿದೆಯು ವಿದ್ಯಾಭ್ಯಾಸವನ್ನು ಕಡ್ಡಾಯವೂ ಶುಲ್ಕರಹಿತವೂ ಮಾಡಿತು. ಎನ್‌ಕ್ರುಮಾ ಅವರ ರಾಜಕೀಯವನ್ನು ಒಪ್ಪುವವರೂ ಇದ್ದಾರೆ, ಹಳಿಯುವವರೂ ಇದ್ದಾರೆ. ೧೯೬೬ರಲ್ಲಿ ಸೇನೆಯವರು ಅವರನ್ನು ಪದಚ್ಯುತಗೊಳಿಸಿದರು. ಆದರೆ ಆ ಹದಿನೈದು ವರ್ಷಗಳಲ್ಲಿ ಶಾಲೆಯ ಮೆಟ್ಟಲು ಹತ್ತಿದ ಕುಟುಂಬಗಳು ಅದನ್ನು ಮರೆತಿಲ್ಲ. ಮಧ್ಯಮ ಶಾಲೆಯ ಕೊನೆಯ ಪರೀಕ್ಷೆಯ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಷ್ಟು ಗೌರವ ಹಿಂದಿನ ತಲೆಯವರಲ್ಲಿತ್ತು.

ಆಮೇಲೆ ಬಂದುದು ಕೆಟ್ಟ ಕಾಲ. ಕೋಕೋವಿನ ವ್ಯಾಪಾರ ಕುಸಿಯಿತು. ಸರ್ಕಾರಗಳು ಬಂದವು, ಹೋದವು. ಹಣವು ಬೆಲೆ ಕಳೆದುಕೊಂಡಿತು. ತರಬೇತಾದ ಉಪಾಧ್ಯಾಯರು ಸಾವಿರಾರು ಮಂದಿ ಸಂಬಳ ಹೆಚ್ಚಾಗಿದ್ದ ನೈಜೀರಿಯಕ್ಕೆ ಹೊರಟುಹೋದರು. ೧೯೮೩ರಲ್ಲಿ ಆ ದೇಶವು ಪರದೇಶದವರನ್ನು ಹೊರದೂಡಿದಾಗ ಸುಮಾರು ಹತ್ತು ಲಕ್ಷ ಘಾನಾದವರು ಹಿಂದಿರುಗಬೇಕಾಯಿತು. ಅದೇ ವರ್ಷ ಮಳೆಯಿಲ್ಲದೆ ಊಟಕ್ಕೂ ಗತಿಯಿರಲಿಲ್ಲ. ಪುಸ್ತಕವಿಲ್ಲದ, ಸೀಮೆಸುಣ್ಣವಿಲ್ಲದ, ಉಪಾಧ್ಯಾಯನಿಲ್ಲದ ಶಾಲೆಗಳ ಆ ಕಾಲವನ್ನು ಅಲ್ಲಿಯವರು ಈಗಲೂ ನೆನೆಯುತ್ತಾರೆ.

೧೯೮೭ರಲ್ಲಿ ದೊಡ್ಡ ಸುಧಾರಣೆಯೊಂದು ನಡೆಯಿತು. ಅದುವರೆಗೆ ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗನು ಪ್ರಾಥಮಿಕಕ್ಕೆ ಆರು, ಮಧ್ಯಮಕ್ಕೆ ನಾಲ್ಕು, ಪ್ರೌಢಕ್ಕೆ ಐದು, ಮೇಲಿನ ತರಗತಿಗೆ ಎರಡು, ಹೀಗೆ ಹದಿನೇಳು ವರ್ಷಗಳವರೆಗೆ ಓದಬೇಕಾಗಿತ್ತು. ಅದನ್ನು ಆರು, ಮೂರು, ಮೂರು ಎಂದು ಹನ್ನೆರಡು ವರ್ಷಕ್ಕೆ ಇಳಿಸಿದರು. ಇದೂ ನಿಂತ ನೀರಾಗಲಿಲ್ಲ. ೨೦೦೭ರಲ್ಲಿ ಒಂದು ಸರ್ಕಾರವು ಕೊನೆಯ ಹಂತವನ್ನು ನಾಲ್ಕು ವರ್ಷ ಮಾಡಿತು. ೨೦೦೯ರಲ್ಲಿ ಬಂದ ಇನ್ನೊಂದು ಸರ್ಕಾರವು ಮತ್ತೆ ಮೂರು ಮಾಡಿತು. ಪರಿಣಾಮವಾಗಿ ೨೦೧೩ರಲ್ಲಿ ಎರಡು ವರ್ಷದ ಮಕ್ಕಳು ಒಂದೇ ಸಲ ಹೊರಬಿದ್ದು ಕಾಲೇಜುಗಳ ಬಾಗಿಲಿನಲ್ಲಿ ನೂಕುನುಗ್ಗಲಾಯಿತು. ಸರ್ಕಾರ ಬದಲಾದಂತೆಲ್ಲ ಶಾಲೆಯ ವರ್ಷಗಳನ್ನು ಹಿಗ್ಗಿಸಿ ಕುಗ್ಗಿಸುವುದು, ಕೂಸಿನ ಅಂಗಿಯನ್ನು ನೆರೆಮನೆಯವರ ಅಳತೆಗೆ ಹೊಲಿಸಿದಂತೆ ಎಂದು ನಮಗೆ ತೋರುತ್ತದೆ.

ಕೆಳಗಿನ ತರಗತಿಗಳಿಗಾಗಿ ನಡೆದ ಪ್ರಯತ್ನಗಳನ್ನು ಮಾತ್ರ ಮೆಚ್ಚಲೇಬೇಕು. ೧೯೯೨ರ ರಾಜ್ಯಾಂಗವು ಪ್ರಾಥಮಿಕ ವಿದ್ಯೆಯು ಶುಲ್ಕವಿಲ್ಲದೆ ಎಲ್ಲರಿಗೂ ದೊರೆಯಬೇಕೆಂದು ವಿಧಿಸಿತು. ಆದರೂ ಶಾಲೆಗಳು ಕ್ರೀಡೆಗೆಂದೂ ರಿಪೇರಿಗೆಂದೂ ಚಿಲ್ಲರೆ ವಂತಿಗೆಗಳನ್ನು ಎತ್ತುತ್ತಲೇ ಇದ್ದವು. ಬಡವರ ಮಕ್ಕಳು ಅದರಿಂದಲೇ ಹಿಂದುಳಿಯುತ್ತಿದ್ದರು. ೨೦೦೫ರಲ್ಲಿ ಸರ್ಕಾರವು ತಲೆಯೊಂದಕ್ಕೆ ಇಷ್ಟೆಂದು ಶಾಲೆಗೇ ನೇರವಾಗಿ ಹಣ ಕೊಟ್ಟು ಆ ವಂತಿಗೆಗಳನ್ನು ನಿಲ್ಲಿಸಿತು. ಅದೇ ವರ್ಷ ಮಧ್ಯಾಹ್ನದ ಬಿಸಿಯೂಟವೂ ಆರಂಭವಾಯಿತು. ಅಕ್ಕಿಯನ್ನೂ ಅಲಸಂದೆಯನ್ನೂ ಒಟ್ಟಿಗೆ ಬೇಯಿಸಿದ ‘ವಾಚೆ’ ಎಂಬ ಅನ್ನ ಆ ಸೀಮೆಯ ಮಕ್ಕಳಿಗೆ ಬಲು ಪ್ರಿಯ. ಊರಿನ ಹೆಂಗಸರೇ ಅಡುಗೆಯ ಗುತ್ತಿಗೆ ಹಿಡಿಯುತ್ತಾರೆ. ಸರ್ಕಾರದಿಂದ ಬರಬೇಕಾದ ಬಾಕಿ ಬೆಳೆದಾಗ ಒಲೆ ಹೊತ್ತದ ದಿನಗಳೂ ಬಂದಿವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂಬತ್ತನೆಯ ತರಗತಿಯ ಕೊನೆಗೆ ದೇಶದ ಮಕ್ಕಳೆಲ್ಲರೂ ಒಂದೇ ಸಾರ್ವತ್ರಿಕ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಇದನ್ನು ನಡೆಸುವುದು ೧೯೫೨ರಲ್ಲಿ ಸ್ಥಾಪಿತವಾದ ಪಶ್ಚಿಮ ಆಫ್ರಿಕದ ಪರೀಕ್ಷಾ ಮಂಡಲಿ. ಅದರಲ್ಲಿ ಘಾನಾ, ನೈಜೀರಿಯ, ಸಿಯೆರಾ ಲಿಯೋನ್, ಗಾಂಬಿಯ, ಲೈಬೀರಿಯ ಈ ಐದು ದೇಶಗಳು ಸೇರಿವೆ. ಯಾವ ಮಗುವಿಗೆ ಯಾವ ಪ್ರೌಢಶಾಲೆ ಎಂಬುದನ್ನು ೨೦೦೫ರಿಂದ ಕಂಪ್ಯೂಟರ್ ಯಂತ್ರವು ಅಂಕಗಳನ್ನು ನೋಡಿ ಗೊತ್ತುಮಾಡುತ್ತದೆ. ಆ ಪಟ್ಟಿ ಹೊರಡುವ ದಿನ ತಂದೆತಾಯಿಗಳಿಗೆ ಎಷ್ಟು ಆತಂಕವಿರುವುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಪಾಸಾದರೂ ಹಣವಿಲ್ಲದೆ ಮನೆಯಲ್ಲಿಯೇ ಉಳಿಯುತ್ತಿದ್ದವರು ಹಿಂದೆ ಅಸಂಖ್ಯ. ಅಲ್ಲಿಯ ಪ್ರೌಢಶಾಲೆಗಳಲ್ಲಿ ಹೆಚ್ಚಿನವು ವಿದ್ಯಾರ್ಥಿನಿಲಯವುಳ್ಳವು. ಪಾಠದ ಫೀಸಿಗಿಂತ ಊಟ ವಸತಿಗಳ ಖರ್ಚೇ ಹೆಚ್ಚು. ಮಗುವನ್ನು ಶಾಲೆಗೆ ಬಿಡುವ ದಿನ ತಗಡಿನ ಟ್ರಂಕನ್ನೂ, ‘ಚಾಪ್ ಬಾಕ್ಸ್’ ಎಂದು ಅವರು ಕರೆಯುವ ಮರದ ಪೆಟ್ಟಿಗೆಯನ್ನೂ ಜೊತೆಗೆ ಕಳುಹಿಸುವುದು ವಾಡಿಕೆ. ನಿಲಯದ ಊಟ ಸಾಲದಿದ್ದರೆ ತಿನ್ನಲೆಂದು ತಾಯಂದಿರು ಆ ಪೆಟ್ಟಿಗೆಯಲ್ಲಿ ಮರಗೆಣಸನ್ನು ತುರಿದು ಹುರಿದ ‘ಗಾರಿ’ ಎಂಬ ರವೆಯನ್ನೂ, ಒಣಮೀನು ಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಕರಿದು ಮಾಡಿದ ‘ಶಿಟೊ’ ಎಂಬ ಕರಿಯ ಚಟ್ನಿಯನ್ನೂ, ಸಕ್ಕರೆಯನ್ನೂ ಹಾಲಿನ ಪುಡಿಯನ್ನೂ ತುಂಬಿ ಬೀಗ ಹಾಕಿ ಕೊಡುತ್ತಾರೆ. ಗಾರಿಗೆ ನೀರು ಸಕ್ಕರೆ ಬೆರಸಿದರೆ ಸಾಕು, ಹಸಿವು ಅಡಗುತ್ತದೆ. ನಮ್ಮ ಮನೆಗಳಿಂದ ಹಾಸ್ಟೆಲಿಗೆ ಹೋಗುವ ಮಕ್ಕಳ ಕೈಯಲ್ಲಿ ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ಕೊಡುವ ತಾಯಂದಿರು ಇದನ್ನು ಓದಿ ಮುಗುಳ್ನಗೆ ನಗುವರು.

೨೦೧೭ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಅಕುಫೊ-ಅಡ್ಡೊ ಅವರ ಸರ್ಕಾರವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಾಠ, ಪುಸ್ತಕ, ವಸತಿ, ಊಟ ಎಲ್ಲವನ್ನೂ ಶುಲ್ಕರಹಿತವೆಂದು ಸಾರಿತು. ಹಿಂದೆ ಸುಮಾರು ಎಂಟೊಂಬತ್ತು ಲಕ್ಷವಿದ್ದ ವಿದ್ಯಾರ್ಥಿಗಳು ಕೆಲವೇ ವರ್ಷಗಳಲ್ಲಿ ಹನ್ನೆರಡು ಲಕ್ಷದಷ್ಟಾದರು. ಮನೆಯಲ್ಲಿ ಒಬ್ಬರನ್ನು ಮಾತ್ರ ಓದಿಸಬಲ್ಲ ತಂದೆಯು ಗಂಡುಮಗನನ್ನು ಕಳುಹಿಸಿ ಮಗಳನ್ನು ನಿಲ್ಲಿಸಿಕೊಳ್ಳುತ್ತಿದ್ದ ಕಾಲಕ್ಕೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಈ ಒಂದು ಲಾಭವನ್ನು ತೂಕದಲ್ಲಿಟ್ಟರೆ ಮುಂದೆ ಹೇಳುವ ದೋಷಗಳೆಲ್ಲ ಹಗುರವಾಗುವುವೆಂದು ಕೆಲವರ ಮತ. ನಾವು ಅಷ್ಟು ದೂರ ಹೋಗಲಾರೆವು. ಆದರೆ ಆ ಲಾಭವನ್ನು ಅಲ್ಲಗಳೆಯುವವರು ಹೆಣ್ಣುಮಗುವಿನ ತಂದೆತಾಯಿಗಳಾಗಿರಲಾರರು.

ಮಕ್ಕಳು ಹೆಚ್ಚಿದರು, ಕೊಠಡಿಗಳು ಹೆಚ್ಚಲಿಲ್ಲ. ಆದುದರಿಂದ ೨೦೧೮ರಲ್ಲಿ ಸರ್ಕಾರದವರು ಒಂದು ಉಪಾಯ ಹೂಡಿದರು. ವಿದ್ಯಾರ್ಥಿಗಳನ್ನು ‘ಹಸುರು’ ‘ಚಿನ್ನ’ ಎಂದು ಎರಡು ಪಾಲು ಮಾಡಿ, ಒಂದು ಪಾಲು ಶಾಲೆಯಲ್ಲಿರುವಾಗ ಇನ್ನೊಂದು ಪಾಲು ಮನೆಯಲ್ಲಿರುವಂತೆ ಏರ್ಪಡಿಸಿದರು. ಎರಡು ಮಕ್ಕಳು ಒಂದೇ ಮಂಚವನ್ನು ಸರದಿಯಲ್ಲಿ ಬಳಸಿದಂತಾಯಿತು. ದಿನದ ಪಾಠದ ಹೊತ್ತನ್ನು ಹೆಚ್ಚಿಸಿ ಸರಿದೂಗಿಸಿದೆವೆಂದು ಅಧಿಕಾರಿಗಳು ಹೇಳಿದರು. ಆದರೆ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತ ಹದಿನಾರರ ಹುಡುಗನನ್ನು ಪುಸ್ತಕದ ಮುಂದೆ ಹಿಡಿದಿಡುವುದು ಎಷ್ಟು ಸುಲಭವೆಂಬುದನ್ನು ಆ ಅಧಿಕಾರಿಗಳಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಉಳ್ಳವರು ಆ ರಜೆಗಳಲ್ಲಿ ಮನೆಪಾಠದವರನ್ನು ಗೊತ್ತುಮಾಡಿಕೊಂಡರು. ಇಲ್ಲದವರು ಹೊಲಕ್ಕೋ ಅಂಗಡಿಗೋ ಹೋದರು. ಹೊಸ ಕಟ್ಟಡಗಳು ಎದ್ದಂತೆ ಬಹು ಶಾಲೆಗಳು ಕ್ರಮೇಣ ಹಳೆಯ ಪದ್ಧತಿಗೆ ಮರಳಿದವು.

ಇದರ ನಡುವೆ ೨೦೨೦ರ ಮಾರ್ಚಿಯಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿ, ಚಿಕ್ಕ ಮಕ್ಕಳಿಗೆ ೨೦೨೧ರ ಜನವರಿಯವರೆಗೆ ತೆರೆಯಲೇ ಇಲ್ಲ. ೨೦೨೨ರಲ್ಲಿ ದೇಶದ ಬೊಕ್ಕಸವೇ ಬರಿದಾಯಿತು. ವರ್ಷದ ಕೊನೆಗೆ ಹಣದುಬ್ಬರವು ಶೇಕಡ ೫೦ನ್ನು ಮೀರಿತು. ಹೊರದೇಶದ ಸಾಲಗಳ ಕಂತನ್ನು ಸರ್ಕಾರವು ತಡೆಹಿಡಿಯಿತು. ಆ ವರ್ಷ ಅನೇಕ ವಿದ್ಯಾರ್ಥಿನಿಲಯಗಳ ಉಗ್ರಾಣದಲ್ಲಿ ಅಕ್ಕಿಯಿಲ್ಲ, ಎಣ್ಣೆಯಿಲ್ಲ ಎಂಬ ಕೂಗು ಎದ್ದಿತು. ತಾಯಂದಿರು ಕಟ್ಟಿಕೊಟ್ಟ ಗಾರಿಯ ಪೆಟ್ಟಿಗೆಗಳೇ ಎಷ್ಟೋ ಮಕ್ಕಳಿಗೆ ಆಧಾರವಾದುವು. ಆದರೂ ೨೦೨೫ರಲ್ಲಿ ಎದುರು ಪಕ್ಷದವರಾದ ಮಹಾಮ ಅವರು ಅಧ್ಯಕ್ಷರಾದ ಬಳಿಕ ಕೂಡ ಯೋಜನೆಯು ನಿಂತಿಲ್ಲ. ಒಮ್ಮೆ ಕೊಟ್ಟುದನ್ನು ಕಿತ್ತುಕೊಳ್ಳುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ.

ನಮ್ಮ ದೃಷ್ಟಿಯಲ್ಲಿ ನಿಜವಾದ ತೊಡಕು ಮೇಲಿನ ತರಗತಿಗಳಲ್ಲಿಲ್ಲ, ಎರಡನೆಯ ತರಗತಿಯಲ್ಲಿದೆ. ೨೦೧೩ರಲ್ಲಿ ದೇಶದಾದ್ಯಂತ ಎರಡನೆಯ ತರಗತಿಯ ಮಕ್ಕಳ ಓದನ್ನು ಪರೀಕ್ಷಿಸಿದಾಗ, ಕಡಮೆಯೆಂದರೆ ಅರ್ಧದಷ್ಟು ಮಕ್ಕಳು ಇಂಗ್ಲಿಷಿನಲ್ಲಾಗಲಿ ತಮ್ಮ ಶಾಲೆಯ ದೇಶಭಾಷೆಯಲ್ಲಾಗಲಿ ಒಂದು ಪದವನ್ನೂ ಓದಲಾರದೆ ಹೋದರು. ಅರ್ಥ ತಿಳಿದು ಸರಾಗವಾಗಿ ಓದಿದವರು ನೂರಕ್ಕೆ ಇಬ್ಬರು. ಎರಡು ವರ್ಷ ಬೆಂಚಿನ ಮೇಲೆ ಕುಳಿತು ಒಂದು ಪದವೂ ಬಾರದ ಮಗುವಿಗೆ ಮುಂದೆ ಪ್ರೌಢಶಾಲೆಯ ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು ಪ್ರಯೋಜನವೇನು? ಹಣವೆಲ್ಲ ಮೇಲಕ್ಕೆ ಹೋಗಿ ಕೆಳಗಿನ ಶಾಲೆಗಳು ಬಡವಾದುವೆಂದು ಅಲ್ಲಿಯ ಉಪಾಧ್ಯಾಯರೇ ಆಕ್ಷೇಪಿಸುತ್ತಾರೆ. ೨೦೧೯ರಲ್ಲಿ ಪ್ರಾಥಮಿಕ ತರಗತಿಗಳಿಗೆ ಹೊಸ ಪಾಠಕ್ರಮ ಬಂದಿತು. ಅದಕ್ಕೆ ತಕ್ಕ ಪುಸ್ತಕಗಳು ಮಕ್ಕಳ ಕೈಸೇರಲು ವರ್ಷಗಳೇ ಹಿಡಿದುವು. ಪಟ್ಟಣದ ಮಧ್ಯಮವರ್ಗದವರು ಇದನ್ನೆಲ್ಲ ಬಲ್ಲರು. ಅವರು ಚಿಕ್ಕ ಮಕ್ಕಳನ್ನು ಖಾಸಗಿ ಶಾಲೆಗೆ ಹಣ ತೆತ್ತು ಕಳುಹಿಸಿ, ಚೆನ್ನಾಗಿ ಅಂಕ ಬಂದ ಮೇಲೆ ಸರ್ಕಾರದ ಹಳೆಯ ಹೆಸರಾಂತ ಪ್ರೌಢಶಾಲೆಗಳಿಗೆ ಸೇರಿಸುತ್ತಾರೆ. ಹೀಗೆ ಉಚಿತ ವಿದ್ಯೆಯ ಅತ್ಯುತ್ತಮ ಭಾಗವು, ಹಣ ಕೊಡಬಲ್ಲವರ ಮಕ್ಕಳ ಪಾಲಿಗೇ ಹೆಚ್ಚಾಗಿ ಹೋಗುತ್ತದೆ.

ಇದಕ್ಕೆ ಭಾಷೆಯ ಪ್ರಶ್ನೆಯೂ ಸೇರಿಕೊಂಡಿದೆ. ಘಾನಾದಲ್ಲಿ ಹತ್ತಾರು ಭಾಷೆಗಳುಂಟು. ಅವುಗಳಲ್ಲಿ ಟ್ವಿಯ ಎರಡು ಬಗೆಗಳು, ಫಾಂಟೆ, ಎವೆ, ಗಾ, ದಗ್ಬಾನಿ ಮೊದಲಾದ ಹನ್ನೊಂದನ್ನು ಶಾಲೆಗಳಿಗೆಂದು ಸರ್ಕಾರ ಅಂಗೀಕರಿಸಿತು. ಮೊದಲ ಮೂರು ತರಗತಿಗಳು ಮನೆಮಾತಿನಲ್ಲಿ, ಅನಂತರ ಇಂಗ್ಲಿಷಿನಲ್ಲಿ ಎಂಬುದು ಬಹುಕಾಲದ ನಿಯಮವಾಗಿತ್ತು. ೨೦೦೨ರಲ್ಲಿ ಮೊದಲಿನಿಂದಲೇ ಇಂಗ್ಲಿಷು ಸಾಕೆಂದರು. ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಮತ್ತೆ ಮನೆಮಾತಿಗೆ ಬಂದು, ೨೦೦೯-೧೦ರ ಸುಮಾರಿಗೆ ಹನ್ನೊಂದು ಭಾಷೆಗಳಲ್ಲಿಯೂ ಓದುವ ಪುಸ್ತಕಗಳನ್ನು ಹಂಚಿದರು. ಆದರೆ ಪುಸ್ತಕ ಒಂದು ಭಾಷೆಯದು, ಉಪಾಧ್ಯಾಯನು ಇನ್ನೊಂದು ಭಾಷೆಯವನು, ಮಗು ಮೂರನೆಯದರದು ಎಂಬಂಥ ಶಾಲೆಗಳು ಹೇರಳ. ತಂದೆತಾಯಿಗಳೂ ಇಂಗ್ಲಿಷನ್ನೇ ಬೇಡುತ್ತಾರೆ; ಅನ್ನ ಕೊಡುವುದು ಅದೇ ಎಂಬುದು ಅವರ ವಾದ. ಮನೆಯ ಮಾತಿನಲ್ಲಿ ಅಕ್ಷರ ಕೂಡಿಸಲು ಕಲಿತ ಮಗುವಿಗೆ ಪರಭಾಷೆಯೂ ಬೇಗ ಬರುವುದೆಂಬುದು ನಮ್ಮ ನಂಬಿಕೆ. ಆದರೆ ಆ ತಂದೆತಾಯಿಗಳನ್ನು ದೂರುವುದೂ ನ್ಯಾಯವಲ್ಲ.

ಉತ್ತರದ ಮಾತನ್ನು ಮೊದಲೇ ಸೂಚಿಸಿದ್ದೆವು. ಇಂಗ್ಲಿಷರ ಆಳ್ವಿಕೆಯಲ್ಲಿ ಉತ್ತರ ಸೀಮೆಯು ದಕ್ಷಿಣದ ಗಣಿಗಳಿಗೂ ಕೋಕೋ ತೋಟಗಳಿಗೂ ಕೂಲಿಯಾಳುಗಳನ್ನು ಒದಗಿಸುವ ಪ್ರದೇಶವಾಗಿತ್ತು. ಮಿಷನ್ನಿನ ಶಾಲೆಗಳಿಗೂ ಅಲ್ಲಿ ಸುಲಭವಾಗಿ ಅನುಮತಿ ಸಿಗುತ್ತಿರಲಿಲ್ಲ. ದಕ್ಷಿಣದಲ್ಲಿ ೧೮೭೬ರಲ್ಲಿ ಪ್ರೌಢಶಾಲೆ ತೆರೆದರೆ, ಉತ್ತರದ ಟಮಾಲೆಯಲ್ಲಿ ಸರ್ಕಾರಿ ಪ್ರೌಢಶಾಲೆಯು ತೆರೆದುದು ೧೯೫೧ರಲ್ಲಿ. ಎಪ್ಪತ್ತೈದು ವರ್ಷಗಳ ಈ ಅಂತರವನ್ನು ತುಂಬಲೆಂದು ಉತ್ತರದ ಮಕ್ಕಳಿಗೆ ವಿಶೇಷ ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿದರೂ ಅದು ಇನ್ನೂ ತುಂಬಿಲ್ಲ. ‘ಮರದ ಕೆಳಗಿನ ಶಾಲೆ’ ಎಂಬುದು ಆ ದೇಶದಲ್ಲಿ ರೂಢಿಯ ಮಾತೇ ಆಗಿಹೋಗಿದೆ: ಮಾವಿನ ಮರದ ನೆರಳಿನಲ್ಲಿ ಕರಿಹಲಗೆಯನ್ನು ಒರಗಿಸಿ ನಡೆಸುವ ಪಾಠ, ಮಳೆ ಬಂದರೆ ರಜೆ. ಹದಿಮೂರು ಹದಿನಾಲ್ಕರ ಹುಡುಗಿಯರು ಬಸ್ಸು ಹತ್ತಿ ಅಕ್ರಾಕ್ಕೂ ಕುಮಾಸಿಗೂ ಬಂದು ಮಾರುಕಟ್ಟೆಗಳಲ್ಲಿ ತಲೆಯ ಮೇಲೆ ಮೂಟೆ ಹೊರುತ್ತಾರೆ. ಇವರನ್ನು ‘ಕಾಯಾಯೆ’ ಎಂದು ಕರೆಯುವರು. ಮದುವೆಗೆ ಬೇಕಾದ ಪಾತ್ರೆಗಳನ್ನು ಕೊಳ್ಳಲು ಹಣ ಕೂಡಿಸುವುದು ಅನೇಕರ ಗುರಿ. ಪ್ರೌಢಶಾಲೆಯು ಉಚಿತವಾದುದು ಇವರನ್ನು ಮುಟ್ಟಲಿಲ್ಲ. ಏಕೆಂದರೆ ಅದರ ಬಾಗಿಲವರೆಗೆ ಇವರು ಬರಲೇ ಇಲ್ಲ.

೨೦೨೧ರ ಖಾನೇಷುಮಾರಿಯಲ್ಲಿ ನಾಲ್ಕರಿಂದ ಹದಿನೇಳು ವರ್ಷದೊಳಗಿನ ಸುಮಾರು ೧೨ ಲಕ್ಷ ಮಕ್ಕಳು ಶಾಲೆಯ ಹೊರಗಿದ್ದರು. ಅವರಲ್ಲಿ ೯ ಲಕ್ಷಕ್ಕೂ ಮಿಕ್ಕಿದವರು ಎಂದೂ ಶಾಲೆಯನ್ನೇ ಕಂಡವರಲ್ಲ. ಒಂದು ಕಡೆ ಹನ್ನೆರಡು ಲಕ್ಷ ಮಂದಿ ಪ್ರೌಢಶಾಲೆಗಳಲ್ಲಿ, ಇನ್ನೊಂದು ಕಡೆ ಬಹುಮಟ್ಟಿಗೆ ಅಷ್ಟೇ ಮಂದಿ ಯಾವ ಶಾಲೆಯೂ ಇಲ್ಲದೆ.

ಉಪಾಧ್ಯಾಯರ ವಿಷಯದಲ್ಲಿ ಮಾತ್ರ ಕೊಂಚ ಭರವಸೆ ಕಾಣುತ್ತದೆ. ೨೦೧೮ರಲ್ಲಿ ಸರ್ಕಾರಿ ಶಿಕ್ಷಣ ಕಾಲೇಜುಗಳಲ್ಲಿ ಹಿಂದಿನ ಮೂರು ವರ್ಷದ ಡಿಪ್ಲೊಮಾ ಹೋಗಿ ನಾಲ್ಕು ವರ್ಷದ ಪದವಿ ಬಂದಿತು. ಅಕ್ರೊಪಾಂಗಿನ ಹಳೆಯ ಶಿಕ್ಷಣಶಾಲೆಯೂ ಇವುಗಳಲ್ಲೊಂದು. ಚಿಕ್ಕ ಮಕ್ಕಳಿಗೆ ಓದು ಕಲಿಸುವುದನ್ನೇ ವಿಶೇಷ ವಿಷಯವಾಗಿ ಅಭ್ಯಸಿಸುವ ಅವಕಾಶ ಅದರಲ್ಲುಂಟು. ಆದರೆ ಪದವೀಧರನನ್ನು ವಿದ್ಯುದ್ದೀಪವಿಲ್ಲದ, ಬಾಡಿಗೆಗೆ ಕೋಣೆ ಸಿಗದ ಹಳ್ಳಿಗೆ ವರ್ಗ ಮಾಡಿದರೆ ಅವನು ಒಂದು ವರ್ಷದೊಳಗಾಗಿ ಪಟ್ಟಣಕ್ಕೆ ಮರಳುವ ದಾರಿಯನ್ನು ಹುಡುಕುತ್ತಾನೆ; ಸಂಬಳವೂ ಮೊದಲ ತಿಂಗಳುಗಳಲ್ಲಿ ಸಕಾಲಕ್ಕೆ ಬರುವುದಿಲ್ಲವೆಂಬ ದೂರು ಹಳೆಯದು. ಉಪಾಧ್ಯಾಯನಿಗೆ ಹಳ್ಳಿಯಲ್ಲಿ ಮನೆ ಕಟ್ಟಿಸಿ ಕೊಡುವುದು ಪ್ರೌಢಶಾಲೆಗೆ ಇನ್ನೊಂದು ಮಹಡಿಯೇರಿಸುವುದಕ್ಕಿಂತ ಅಗ್ಗದ ಕೆಲಸ. ಹೊಸ ಪದವಿಯ ಮೊದಲ ತಂಡದವರು ೨೦೨೨ರಲ್ಲಿ ಓದು ಮುಗಿಸಿ ಹೊರಬಂದಿದ್ದಾರೆ. ಅವರಲ್ಲಿ ಉತ್ತರದ ಹಳ್ಳಿಗಳಿಗೆ ಹೋದವರು ಅಲ್ಲಿ ನಿಲ್ಲುವಂತೆ ಮಾಡುವ ಕೆಲಸ ಇನ್ನೂ ಆಗಬೇಕಾಗಿದೆ.